ಎತ್ತಿಗೆ ಜ್ವರ, ಎಮ್ಮೆಗೆ ಬರೆ



ಥಾಣೆಯಿಂದ ಕಲ್ಯಾಣದವರೆಗೆ ಈಗ ಒಂದು ಮಾತು ಕೇಳಿಬರುತ್ತಿದೆ. ಹೋಟೆಲಿನ ಗಲ್ಲಾದಲ್ಲಿ ಕುಳಿತ ಧಣಿಗಳು ಆಡುತ್ತಾರೆ, ಕಾರ್ಖಾನೆಯ ಮ್ಯಾನೇಜರರು ಆಡುತ್ತಾರೆ. ದುರ್ದೈವದಿಂದ ನಮ್ಮವರೇ ಕೆಲವರು ಲೋಕಲ್ ಗಾಡಿಯಲ್ಲಿ ನಿಂತು ಅದನ್ನೇ ಗಿಳಿಪಾಠ ಒಪ್ಪಿಸುತ್ತಾರೆ. "ಸರಕಾರಕ್ಕೆ ಮನುಷ್ಯರಿಗಿಂತ ಹಕ್ಕಿಯೇ ಹೆಚ್ಚಾಯಿತು. ಖಾಡಿ, ಕಾಂಡ್ಲ, ನದಿ ಎಂದು ಕಾನೂನು ಮಾಡಿ ನಿಮ್ಮ ಅನ್ನಕ್ಕೆ ಕಲ್ಲು ಹಾಕುತ್ತಿದ್ದಾರೆ" ಎಂಬುದೇ ಆ ಮಾತು. ಇದರ ಒಳಗುಟ್ಟನ್ನು ಬಯಲಿಗೆಳೆಯುವುದು ನಮ್ಮ ಕರ್ತವ್ಯವೆಂದು ತಿಳಿದು ಬರೆಯುತ್ತಿದ್ದೇವೆ.

ಮೊದಲು ಕಾನೂನು ಏನೆಂದು ನೋಡೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ 2015ರಲ್ಲಿ ಥಾಣೆ ಖಾಡಿಯ ಸುಮಾರು 1,690 ಹೆಕ್ಟೇರು ಪ್ರದೇಶ ಫ್ಲೆಮಿಂಗೋ ಅಭಯಾರಣ್ಯವಾಯಿತು. 2022ರಲ್ಲಿ ಅದು ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಕಾಂಡ್ಲ ಕಾಡನ್ನು ಕಡಿಯುವುದು ಸಂವಿಧಾನ ಕೊಟ್ಟ ಬದುಕುವ ಹಕ್ಕಿಗೇ ಧಕ್ಕೆಯೆಂದು 2018ರಲ್ಲಿ ಮುಂಬಯಿ ಹೈಕೋರ್ಟು ತೀರ್ಪಿತ್ತಿತು. ನದಿಗೆ ವಿಷ ಬಿಡಕೂಡದೆಂಬ ಕಾಯಿದೆಯಂತೂ 1974ರಿಂದಲೇ ಇದೆ.

ಇದರಿಂದ ಖಾಡಿಯ ಅಂಚಿಗೆ ಮಣ್ಣು ತುಂಬಿ ಕಟ್ಟಡ ಎಬ್ಬಿಸುವವರಿಗೆ ತೊಂದರೆಯಾಗಿರಬಹುದು. ನಮಗೇನು ತೊಂದರೆ? ಕರಾವಳಿಯ ಹೊಳೆಬದಿಯಲ್ಲಿ ಹುಟ್ಟಿ ಬೆಳೆದವರಿಗೆ ಕಾಂಡ್ಲವೆಂದರೇನೆಂದು ಯಾರೂ ಕಲಿಸಬೇಕಾಗಿಲ್ಲ. ಮೀನು ಮರಿ ಬೆಳೆಯುವುದು ಅದರ ಬೇರುಗಳ ನಡುವೆ. ಉಬ್ಬರದ ರಭಸ ಮುರಿಯುವುದೂ ಅಲ್ಲಿಯೇ. 2005ರ ಜುಲೈ 26ರ ಮಳೆಗೆ ಉಲ್ಹಾಸ ನದಿ ಉಕ್ಕಿ ಕಲ್ಯಾಣದ ತಗ್ಗಿನ ಮನೆಗಳಿಗೆ ನುಗ್ಗಿದಾಗ ಮುಳುಗಿದ್ದು ಯಾರ ಟ್ರಂಕು, ಯಾರ ಅಕ್ಕಿಯ ಡಬ್ಬ? ಹರಿಯಲು ಜಾಗ ಸಿಗದ ನೀರು ಮೊದಲು ಹುಡುಕಿಕೊಂಡು ಬರುವುದು ಚಾಳಿನ ಖೋಲಿಯನ್ನು, ಹದಿನೈದನೆಯ ಮಾಳಿಗೆಯನ್ನಲ್ಲ.

ಹಕ್ಕಿ ಕೆಲಸ ಕಸಿಯಿತೆನ್ನುವವರನ್ನು ನಾವು ಕೇಳುತ್ತೇವೆ: ಮುಂಬಯಿಯ ಬಟ್ಟೆ ಗಿರಣಿಗಳನ್ನು ಮುಚ್ಚಿಸಿದ್ದು ಯಾವ ಹಕ್ಕಿ? 1982ರ ಮುಷ್ಕರದಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಕಾರ್ಮಿಕರು ಬೀದಿಗಿಳಿದರು. ಮುಂದೆ ಎಷ್ಟೋ ಗಿರಣಿಗಳ ನೆಲದಲ್ಲಿ ಮಾಲ್‌ಗಳು ಎದ್ದವು. ಕಲ್ಯಾಣದ ಬಳಿ ಮೋಹನೆಯ ಎನ್.ಆರ್.ಸಿ. ಕಾರ್ಖಾನೆ 2009ರಲ್ಲಿ ಬಾಗಿಲು ಹಾಕಿತು. ಸಾವಿರಾರು ಮಂದಿ ತಮ್ಮ ಬಾಕಿಗಾಗಿ ವರ್ಷಗಟ್ಟಲೆ ಕಾದರು. ಬೀಗ ಹಾಕಿಸಿದ್ದು ಲಾಭನಷ್ಟದ ಲೆಕ್ಕ, ಫ್ಲೆಮಿಂಗೋ ಅಲ್ಲ.

ಹಾಗಾದರೆ ಈ ಕಾನೂನುಗಳಿಂದ ನಮಗೆ ಏಟೇ ಬೀಳುವುದಿಲ್ಲವೆ? ಬೀಳುತ್ತದೆ. ಆದರೆ ಹೊಡೆಯುವುದು ಕಾನೂನಲ್ಲ. ಅದರ ಬೆಲೆಯನ್ನು ನಮ್ಮ ತಲೆಗೆ ಕಟ್ಟುವ ಕೈ. 2018ರಲ್ಲಿ ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ನಿಷೇಧ ಬಂದಾಗ ಮೊದಲ ತಪ್ಪಿಗೆ 5,000, ಎರಡನೆಯದಕ್ಕೆ 10,000, ಮೂರನೆಯದಕ್ಕೆ 25,000 ರೂಪಾಯಿ ದಂಡದೊಡನೆ ಮೂರು ತಿಂಗಳ ಸೆರೆ ಎಂದು ಸಾರಲಾಯಿತು. ನಮ್ಮ ಬಳಗದ ಒಬ್ಬ ಹುಡುಗ ಆಗ ಒಂದು ಹೋಟೆಲಿನಲ್ಲಿ ಪಾರ್ಸೆಲ್ ಕಟ್ಟುತ್ತಿದ್ದ. ಚೀಲ ತರಿಸಿದವರು ಧಣಿ, ಅದರಲ್ಲೇ ಕಟ್ಟು ಎಂದವರು ಧಣಿ. ದಂಡ ಬಿದ್ದ ತಿಂಗಳು ಹಣ ಮುರಿದದ್ದು ಮಾತ್ರ ಆ ಹುಡುಗನ ಸಂಬಳದಲ್ಲಿ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ. ಧಣಿಯ ತಪ್ಪಿನ ದಂಡವನ್ನು ಆಳಿನ ಸಂಬಳದಿಂದ ಕೀಳುವುದು ನ್ಯಾಯವೂ ಅಲ್ಲ, ಕಾನೂನೂ ಅಲ್ಲ. ಇಂಥದು ನಡೆದರೆ ಸುಮ್ಮನಿರಬೇಡಿ.

ಇನ್ನು ದೊಡ್ಡವರ ಕಥೆ. 1986ರ ಪರಿಸರ ಸಂರಕ್ಷಣಾ ಕಾಯಿದೆಯಲ್ಲಿ ತಪ್ಪಿತಸ್ಥರಿಗೆ ಐದು ವರ್ಷದವರೆಗೆ ಸೆರೆಯಿತ್ತು. 2023ರ ಜನ ವಿಶ್ವಾಸ ಕಾಯಿದೆ ಅದನ್ನು ತೆಗೆದು 10,000ದಿಂದ 15 ಲಕ್ಷ ರೂಪಾಯಿವರೆಗಿನ ದಂಡವನ್ನು ಇಟ್ಟಿತು. ದಂಡ ಕಟ್ಟದಿದ್ದರೆ ಮಾತ್ರ ಸೆರೆ. ಇಡ್ಲಿ ಕಟ್ಟುವ ಚೀಲಕ್ಕೆ ಜೈಲಿನ ಬೆದರಿಕೆ, ನೀರು ನೆಲ ಕೆಡಿಸುವ ಕೋಟ್ಯಧೀಶನಿಗೆ ರಸೀದಿ! ಹಕ್ಕಿ ನಮ್ಮ ವೈರಿಯೆಂದು ಹೇಳುವವರು ಈ ಮಾತನ್ನು ಏಕೆ ಎತ್ತುವುದಿಲ್ಲ?

ಡೊಂಬಿವಲಿಯನ್ನೇ ನೋಡಿ. ಅಲ್ಲಿಯ ಎಂ.ಐ.ಡಿ.ಸಿ.ಯಲ್ಲಿ 2016ರ ಮೇ 26ರಂದು ಒಮ್ಮೆ, 2024ರ ಮೇ 23ರಂದು ಮತ್ತೊಮ್ಮೆ ರಾಸಾಯನಿಕ ಕಾರ್ಖಾನೆ ಸಿಡಿಯಿತು. ಎರಡು ಸಲವೂ ಹತ್ತಕ್ಕಿಂತ ಹೆಚ್ಚು ಜೀವಗಳು ಹೋದವು. ನಾಲೆಗೆ ವಿಷ ಹರಿಯಬಿಡುವ ಅಲಕ್ಷ್ಯವೂ ಕೆಲಸಗಾರನನ್ನು ಸುಡುವ ಅಲಕ್ಷ್ಯವೂ ಬೇರೆಬೇರೆಯಲ್ಲ; ಮೀನು ಸಾಯುವ ಕಡೆ ಮನುಷ್ಯನೂ ಕ್ಷೇಮವಾಗಿರಲಾರ. ಅಪಾಯದ ಕಾರ್ಖಾನೆಗಳನ್ನು ಊರಿನಿಂದ ಹೊರಗೆ ಸಾಗಿಸುವೆವೆಂದು ಸರಕಾರ ಹೇಳಿದೆ. ಸಾಗಿಸಲಿ, ನಮ್ಮ ಅಡ್ಡಿಯಿಲ್ಲ. ಆದರೆ ಯಂತ್ರಗಳೊಡನೆ ಕೆಲಸಗಾರನೂ ಹೋಗುವನೋ, ಇಲ್ಲ ಗೇಟಿನ ಹೊರಗೆ ಉಳಿಯುವನೋ?

ಇದಕ್ಕೆ ದಾರಿಯಿದೆ. 1996ರ ಜುಲೈ 8ರಂದು ಸುಪ್ರೀಂ ಕೋರ್ಟು ದಿಲ್ಲಿಯ 168 ಅಪಾಯಕಾರಿ ಕಾರ್ಖಾನೆಗಳನ್ನು ಮುಚ್ಚಿ ಬೇರೆಡೆಗೆ ಹೋಗಲು ಆಜ್ಞಾಪಿಸಿತು. ಅದೇ ತೀರ್ಪಿನಲ್ಲಿ, ಹೊಸ ಜಾಗದಲ್ಲಿಯೂ ಅವರ ನೌಕರಿ ಮುಂದುವರಿಯಬೇಕು, ಮುಚ್ಚಿದಂದಿನಿಂದ ಮತ್ತೆ ತೆರೆಯುವವರೆಗೆ ಪೂರ್ತಿ ಸಂಬಳ ಸಲ್ಲಬೇಕು, ಸ್ಥಳ ಬದಲಿಸುವವರಿಗೆ ಒಂದು ವರ್ಷದ ಸಂಬಳ ಬೋನಸಾಗಿ ಸಿಗಬೇಕು ಎಂದೂ ವಿಧಿಸಿತು. ನದಿಯೂ ಉಳಿಯಬೇಕು, ಅನ್ನವೂ ಉಳಿಯಬೇಕೆಂಬ ನ್ಯಾಯ ಇದು. ಆದರೆ ತೀರ್ಪು ತಾನಾಗಿ ನಡೆದು ಮನೆಗೆ ಬರುವುದಿಲ್ಲ. ಸಂಘಟನೆಯಿಲ್ಲದವನ ಹಕ್ಕು ಕಾಗದದಲ್ಲೇ ಒಣಗುತ್ತದೆ.

ಪರಿಸರಪ್ರೇಮಿಗಳಿಗೂ ಒಂದು ಮಾತು. ರಜೆಯ ದಿನ ಐರೋಲಿಗೆ ಬಂದು ದೋಣಿಯಿಂದ ಹಕ್ಕಿ ನೋಡಿ ಸಂತೋಷಪಡುವವರು, ಕಾರ್ಖಾನೆ ಮುಚ್ಚಿರೆಂದು ಅರ್ಜಿ ಬರೆಯುವಾಗ ಅದರಲ್ಲಿ ದುಡಿಯುವವನ ಸಂಬಳದ ಮಾತನ್ನೂ ಒಂದು ಸಾಲು ಬರೆಯಲಿ. ಅವರು ಮರೆತ ಆ ಒಂದು ಸಾಲೇ ಧಣಿಗಳಿಗೆ ಆಯುಧವಾಗುತ್ತದೆ.

ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ದಂಡ ತಪ್ಪು ಮಾಡಿದವನ ಜೇಬಿನಿಂದಲೇ ಹೋಗಲಿ. ಕಾರ್ಖಾನೆ ಮುಚ್ಚಿದ ದಿನಗಳ ಸಂಬಳ ಸಲ್ಲಲಿ. ಸ್ಥಳಾಂತರದ ಆಜ್ಞೆಯಲ್ಲಿ ದಿಲ್ಲಿಯ ಷರತ್ತುಗಳು ಮೊದಲ ಪುಟದಲ್ಲೇ ಇರಲಿ. ಹಕ್ಕಿ ಖಾಡಿಯಲ್ಲಿರಲಿ, ಮೀನು ನದಿಯಲ್ಲಿರಲಿ, ಕಾರ್ಮಿಕ ಕೆಲಸದಲ್ಲಿರಲಿ. ಇವರಲ್ಲಿ ಒಬ್ಬರನ್ನು ಇನ್ನೊಬ್ಬರ ಮೇಲೆ ಛೂಬಿಡುವವನೇ ನಮ್ಮ ವೈರಿ. ಬಂಧುಗಳೇ, ಅವನನ್ನು ಗುರುತಿಸಿರಿ!