ಗೂಗಲ್ಲಿಗೆ ಬೈದರೆ ಸಾಲದು ಸ್ವಾಮೀ

2021ರ ಜೂನ್ ತಿಂಗಳು ನೆನಪಿದೆಯಲ್ಲ? ಭಾರತದ ಅತಿ ಕೊಳಕು ಭಾಷೆ ಯಾವುದು ಅಂತ ಇಂಗ್ಲಿಷಿನಲ್ಲಿ ಕೇಳಿದರೆ ಗೂಗಲ್ ‘ಕನ್ನಡ’ ಅಂದುಬಿಟ್ಟಿತ್ತು. ನಾವೆಲ್ಲ ವಾಟ್ಸಾಪಿನಲ್ಲಿ ಕೆಂಡ ಕಾರಿದೆವು. ಗೂಗಲ್ ಕ್ಷಮೆ ಕೇಳಿತು. ಅಲ್ಲಿಗೆ ಮುಗಿಯಿತು. ಆದರೆ ಆ ಮಾತು ಗೂಗಲ್ ಹುಟ್ಟಿಸಿದ್ದಲ್ಲ. ಎಲ್ಲಿಯದೋ ಒಂದು ಪುಟದಲ್ಲಿ ಯಾರೋ ಬರೆದಿಟ್ಟ ಸಾಲನ್ನು ಎತ್ತಿ ಮೇಲಿಟ್ಟಿತ್ತು, ಅಷ್ಟೆ. ಬರೆದಿಟ್ಟವನದ್ದು ಕಾಣುತ್ತದೆ, ಬರೆದಿಡದವನದ್ದು ಕಾಣುವುದಿಲ್ಲ.

ಈಗ ನಮ್ಮ ಮುಂಬಯಿಯ ಕಥೆ ನೋಡಿ. ಮೈಸೂರು ಅಸೋಸಿಯೇಷನ್ 1926ರದ್ದು, ಕರ್ನಾಟಕ ಸಂಘ 1933ರದ್ದು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿಶಾಲೆಯಲ್ಲಿ ಕನ್ನಡ ಕಲಿತು ಮೇಲೆ ಬಂದವರ ಊರು ಇದು. ಆ ರಾತ್ರಿಶಾಲೆಗಳ ಚರಿತ್ರೆ ಎಲ್ಲಿದೆ? ಉಪನಗರದ ಸಣ್ಣಪುಟ್ಟ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ, ಕಪಾಟಿನೊಳಗೆ. ‘ನಮ್ಮದೂ ವೆಬ್‌ಸೈಟ್ ಇದೆ’ ಅನ್ನುವ ಸಂಘಗಳಲ್ಲೂ ಎಷ್ಟೋ ಕಡೆ ಇರುವುದು ಶಾಲು ಹೊದೆಸಿದ ಫೋಟೋ, ಆಮಂತ್ರಣ ಪತ್ರಿಕೆಯ ಚಿತ್ರ, ನುಡಿಯಲ್ಲಿ ಟೈಪಿಸಿದ ಪಿಡಿಎಫ್.

ಹಳೇ ನುಡಿ ಫಾಂಟಿನಲ್ಲಿ ‘ಕನ್ನಡ’ ಅಂತ ಟೈಪಿಸಿದರೆ ಕಣ್ಣಿಗೆ ಕನ್ನಡವೇ ಕಾಣುತ್ತದೆ. ಒಳಗೆ ಕಂಪ್ಯೂಟರಿನ ಲೆಕ್ಕದಲ್ಲಿ ಇರುವುದು ಇಂಗ್ಲಿಷಿನ ಪಿ, ತಲೆಮೇಲೆ ಗೆರೆ ಇರುವ ಎ, ಪೌಂಡ್ ಗುರುತು! ಹುಡುಕುವವನು ಯೂನಿಕೋಡಿನಲ್ಲಿ ‘ಕನ್ನಡ’ ಅಂತ ಕೇಳಿದರೆ ಪೌಂಡ್ ಗುರುತಿನ ಗಂಟು ಹೇಗೆ ಸಿಕ್ಕೀತು? ಯೂನಿಕೋಡಿನಲ್ಲಿ ಕನ್ನಡ ಸೇರಿದ್ದು 1991ರಲ್ಲಿ. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಮಾಡುವ ಮನಸ್ಸು ಮಾತ್ರ ಇಲ್ಲ.

ಅದರ ಬದಲು ‘ಮೊದಲ ಪುಟ ಗ್ಯಾರಂಟಿ’ ಅನ್ನುವ ಏಜೆಂಟನಿಗೆ ಚೆಕ್ ಬರೆಯುವವರಿದ್ದಾರೆ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಅಂತ ಗೂಗಲ್ಲೇ ಹೇಳುತ್ತದೆ. ಪುಟದ ಹಿಂದೆ ಬಚ್ಚಿಡುವ ಕೀವರ್ಡ್ ಪಟ್ಟಿಯನ್ನು ತಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಅಂತ 2009ರಲ್ಲೇ ಹೇಳಿತ್ತು. ಇಂದಿಗೂ ಅದಕ್ಕೆ ಬಿಲ್ ಹಾಕುವವರಿದ್ದರೆ, ಪಾಸು ಮಾಡುವ ಖಜಾಂಚಿಗೆ ಏನನ್ನೋಣ?

ಇನ್ನು ಕೊಂಡಿಗಳ ವಿಷಯ. ಹಿಂದೆ ಬ್ಯಾಂಕಿನಲ್ಲಿ ಖಾತೆ ತೆರೆಯಲು ಹಳೇ ಖಾತೆದಾರನೊಬ್ಬ ಪರಿಚಯದ ಸಹಿ ಹಾಕಬೇಕಿತ್ತು. ಗೂಗಲ್ಲೂ 1998ರಲ್ಲಿ ಅದೇ ಉಪಾಯದಿಂದ ಶುರುವಾಯಿತು. ಬೇರೆ ಒಳ್ಳೆಯ ಪುಟಗಳು ನಿಮ್ಮತ್ತ ಕೊಂಡಿ ಹಾಕಿದರೆ ನಿಮಗೆ ಬೆಲೆ. ನಮ್ಮಲ್ಲಿ? ಡೊಂಬಿವಲಿಯವರು ಠಾಣೆಯವರ ಹೆಸರೆತ್ತುವುದಿಲ್ಲ, ಜಾತಿ ಸಂಘಗಳು ಒಂದನ್ನೊಂದು ಕಣ್ಣೆತ್ತಿ ನೋಡುವುದಿಲ್ಲ. ಪರಸ್ಪರ ಒಂದು ಕೊಂಡಿ ಹಾಕಲು ಕಾಸು ಖರ್ಚಿಲ್ಲ, ಸ್ವಲ್ಪ ಹಮ್ಮು ಬಿಡಬೇಕು.

‘ನಮ್ಮ ಮಕ್ಕಳಿಗೆ ಕನ್ನಡ ಓದಲಿಕ್ಕೇ ಬರುವುದಿಲ್ಲ, ಯಾರಿಗಾಗಿ ಇದೆಲ್ಲ?’ ಅನ್ನುತ್ತಾರೆ. ಅವರಿಗಾಗಿಯೇ! ಗೂಗಲ್ ಅನುವಾದಕ್ಕೆ ಕನ್ನಡ ಬಂದದ್ದು 2011ರಲ್ಲಿ. ಯೂನಿಕೋಡಿನಲ್ಲಿದ್ದರೆ ಮೊಮ್ಮಗಳು ಅಜ್ಜನ ರಾತ್ರಿಶಾಲೆಯ ವಿಷಯವನ್ನು ಇಂಗ್ಲಿಷಿಗೋ ಮರಾಠಿಗೋ ತಿರುಗಿಸಿಕೊಂಡು ಓದಬಹುದು, ಫೋನಿನಿಂದ ಓದಿಸಿ ಕೇಳಬಹುದು. ಪೌಂಡ್ ಗುರುತಿನ ಗಂಟನ್ನು ಕೊಟ್ಟರೆ ಆಕೆ ಏನು ಮಾಡಿಯಾಳು?

ಆದ್ದರಿಂದ ನಿಮ್ಮ ಸಂಘದ ಮುಂದಿನ ಮಹಾಸಭೆಯಲ್ಲಿ ಮೂರು ಮಾತು ಕೇಳಿ. ಹಳೇ ಸಂಚಿಕೆಗಳು ಯೂನಿಕೋಡಿಗೆ ಯಾವಾಗ ಬರುತ್ತವೆ? ಪ್ರತಿ ಲೇಖನಕ್ಕೂ ಅದರದ್ದೇ ಪುಟ, ಅದರದ್ದೇ ಕನ್ನಡ ಶೀರ್ಷಿಕೆ ಇದೆಯೇ? ‘ಮುಂಬಯಿ’ ಅಂತ ಬರೆಯುವ ನಾವು, ‘ಮುಂಬೈ’ ಅಂತ ಹುಡುಕುವ ಹುಡುಗರಿಗೆ ಕಾಣುವಂತೆ ಅದನ್ನೂ ಒಂದೆಡೆ ಬರೆದಿದ್ದೇವೆಯೇ? ಉತ್ತರ ಬರದಿದ್ದರೆ ಊಟಕ್ಕೆ ಮುಂಚೆಯೇ ಇನ್ನೊಮ್ಮೆ ಕೇಳಿ. ಊಟದ ನಂತರ ಯಾರೂ ಇರುವುದಿಲ್ಲ.