ಬಾಗಿಲಿಗೆ ಬಂದ ರೋಗಿ

ವೈದ್ಯಕೀಯ ಸಂಶೋಧನೆಯೆಂದರೆ ಗಾಜಿನ ನಳಿಕೆ, ಸೂಕ್ಷ್ಮದರ್ಶಕಗಳ ಕೆಲಸವೆಂದು ಅನೇಕರ ಭಾವನೆ. ಅದು ಹಳ್ಳಿಯ ಜಗುಲಿಯ ಮೇಲೂ ನಡೆಯಬಲ್ಲುದೆಂಬುದಕ್ಕೆ ತುಮಕೂರು ಜಿಲ್ಲೆಯೇ ಸಾಕ್ಷಿ.

ಕ್ಷಯವು ಶ್ವಾಸಕೋಶವನ್ನು ಕೊರೆಯುವ ರೋಗ. ಅದರ ರೋಗಾಣುವನ್ನು ಜರ್ಮನಿಯ ರಾಬರ್ಟ್ ಕಾಕ್ 1882ರಲ್ಲಿ ಕಂಡುಹಿಡಿದನು. ಆರೋಗ್ಯಧಾಮವನ್ನು ಸೇರದೆ ಮನೆಯಲ್ಲಿಯೇ ಇದ್ದು ಔಷಧಿ ಸೇವಿಸಿದವರೂ ಹೆಚ್ಚುಕಡಮೆ ಅಷ್ಟೇ ಚೆನ್ನಾಗಿ ಗುಣಹೊಂದುವರೆಂದು ಮದರಾಸಿನಲ್ಲಿ ನಡೆದ ಅಧ್ಯಯನವೊಂದು 1959ರಲ್ಲಿ ತೋರಿಸಿಕೊಟ್ಟಿತು. ಆದರೆ ಹಳ್ಳಿಹಳ್ಳಿಗಳಲ್ಲಿ ಚದುರಿರುವ ರೋಗಿಗಳನ್ನು ಗುರುತಿಸುವುದು ಹೇಗೆ? ಅವರು ಅಜ್ಞಾನದಿಂದ ರೋಗವನ್ನು ಅಲಕ್ಷಿಸುವರೆಂಬ ಮಾತು ಆಗ ಸಾಮಾನ್ಯವಾಗಿತ್ತು.

1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಈ ಮಾತನ್ನು ಒರೆಗೆ ಹಚ್ಚಿತು. ಗುಬ್ಬಿ, ಕುಣಿಗಲ್ ಮೊದಲಾದ ತಾಲ್ಲೂಕುಗಳನ್ನೊಳಗೊಂಡ ತುಮಕೂರು ಜಿಲ್ಲೆಯಲ್ಲಿ ಅದು 1960–61ರಲ್ಲಿ ಸಮೀಕ್ಷೆ ನಡೆಸಿತು. ಹೀಗೆ ಪತ್ತೆಯಾದ ರೋಗಿಗಳ ಅನುಭವವನ್ನು ಕೇಳಿ ತಿಳಿದು, ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು 1963ರಲ್ಲಿ ವರದಿ ಪ್ರಕಟಿಸಿದರು. ಕಫದಲ್ಲಿ ರೋಗಾಣುವಿದ್ದವರಲ್ಲಿ ಬಹುಮಂದಿಗೆ ತಮ್ಮ ದೇಹಸ್ಥಿತಿ ಕೆಟ್ಟಿರುವುದರ ಅರಿವಿತ್ತು; ಅರ್ಧಕ್ಕಿಂತ ತುಸು ಹೆಚ್ಚು ಜನ ಚಿಕಿತ್ಸೆಯನ್ನು ಅರಸಿಯೂ ಹೋಗಿದ್ದರು. ಅಲ್ಲಿ ಅವರಿಗೆ ಹೆಚ್ಚಾಗಿ ದೊರೆತುದು ಕೆಮ್ಮಿನ ಔಷಧದ ಸೀಸೆ ಮಾತ್ರ.

ಹಾಗಾದರೆ ತಪ್ಪು ಯಾರದು? ಒಂದು ದಿನದ ಕೂಲಿಯನ್ನು ಬಿಟ್ಟು, ದೂರದಿಂದ ನಡೆದು ಬಂದವನನ್ನು ಅಜ್ಞಾನಿಯೆಂದು ಕರೆಯುವುದು ನ್ಯಾಯವಲ್ಲ. ಅವನ ಕಫವನ್ನು ಪರೀಕ್ಷಿಸದೆ ಹಿಂದಕ್ಕೆ ಕಳುಹಿಸಿದ ವ್ಯವಸ್ಥೆಯೇ ಮೊದಲು ತಿದ್ದಿಕೊಳ್ಳಬೇಕಾಗಿತ್ತು. ಉಳಿದವರು ಬರಲಿಲ್ಲವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಸೀಸೆ ಹಿಡಿದು ಹಿಂದಿರುಗಿದ ನೆರೆಯವನು ಮತ್ತೆ ಕೆಮ್ಮುತ್ತಿರುವುದನ್ನು ಕಂಡವರಿಗೆ ಆಸ್ಪತ್ರೆಯಲ್ಲಿ ನಂಬಿಕೆ ಹುಟ್ಟುವುದಾದರೂ ಹೇಗೆ? ಇಂತಹ ಅಧ್ಯಯನಗಳ ಆಧಾರದ ಮೇಲೆಯೇ 1962ರ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮವು ರೂಪುಗೊಂಡಿತು. ಕ್ಷಯದ ಪತ್ತೆ ಮತ್ತು ಚಿಕಿತ್ಸೆಗಳು ಜನರು ಸಹಜವಾಗಿ ಹೋಗುವ ಸಾಮಾನ್ಯ ಆಸ್ಪತ್ರೆಗಳಲ್ಲಿಯೇ ದೊರೆಯಬೇಕೆಂಬುದು ಅದರ ತತ್ತ್ವ.

ರೋಗಿಗೂ ಹೊಣೆಯಿಲ್ಲದಿಲ್ಲ. ಎರಡು ವಾರಗಳಾದರೂ ಕೆಮ್ಮು ನಿಲ್ಲದಿದ್ದರೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸರಕಾರಿ ಕೇಂದ್ರಗಳಲ್ಲಿ ಪರೀಕ್ಷೆ, ಔಷಧಿಗಳೆರಡೂ ಉಚಿತ. ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು ನಡೆಯುತ್ತದೆ. ನಡುವೆ ನಿಲ್ಲಿಸಿದರೆ ರೋಗಾಣು ಔಷಧಿಗೆ ಬಗ್ಗದಂತಾಗಬಹುದು. ಆದರೆ ಈ ಕರ್ತವ್ಯವನ್ನು ರೋಗಿಗೆ ಬೋಧಿಸುವ ಮೊದಲು, ಬಾಗಿಲಿಗೆ ಬಂದವನ ಮಾತನ್ನು ಕೇಳುವ ಕರ್ತವ್ಯ ಆಸ್ಪತ್ರೆಯದು. ತುಮಕೂರಿನ ಹಳ್ಳಿಗರು ದೇಶಕ್ಕೆ ಕಲಿಸಿದ ಪಾಠವಿದು.