‘ಪ್ಪ’ ಎಂಬ ಕೊನೆಯ ಅಕ್ಷರ

ವರ್ಷಾರಂಭದ ಮೊದಲ ಹಾಜರಿಯಲ್ಲಿ ‘ಯಲ್ಲಪ್ಪ’ ಎಂಬ ಹೆಸರು ಕೇಳಿದೊಡನೆ ನಮ್ಮ ತರಗತಿಯಲ್ಲಿ ನಗೆಯೆದ್ದಿತು. ನಾವೂ ನಕ್ಕೆವೆಂಬುದನ್ನು ಒಪ್ಪಿಕೊಳ್ಳಬೇಕು. ಮರುದಿನ ಆ ಹುಡುಗನು, ತನ್ನನ್ನು ‘ಯಶ್’ ಎಂದು ಕರೆಯಿರೆಂದನು. ಅವನು ಕಳೆದುಕೊಂಡದ್ದು ಬರಿಯ ಅಕ್ಷರವನ್ನೇ?

‘ಪ್ಪ’ಕಾರದಿಂದ ಮುಗಿಯುವ ಹೆಸರುಗಳು ಈ ಮುಂಬಯಿಯಲ್ಲಿ ವಿಚಿತ್ರವೆನಿಸಬಹುದು. ಆದರೆ ಅವುಗಳಲ್ಲಿ ನಾಡಿನ ಬಾಳೇ ಅಡಗಿದೆ. ಎಲ್ಲಮ್ಮನಿಂದ ಯಲ್ಲಪ್ಪ, ಮೈಲಾರಲಿಂಗನಿಂದ ಮೈಲಾರಪ್ಪ, ಬೀರದೇವರಿಂದ ಬೀರಪ್ಪ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ, ದೃಷ್ಟಿ ತಾಗದಿರಲೆಂದು ಕೂಸನ್ನು ಕಲ್ಲಪ್ಪ, ಹುಚ್ಚಪ್ಪ ಎಂದು ಕರೆದರು. ಆ ಒರಟು ಹೆಸರಿನ ಹಿಂದೆ ತಾಯಿಯ ಭಯವಿದೆ, ಮಮತೆಯಿದೆ. ‘ಬಾರಪ್ಪ, ಉಣ್ಣಪ್ಪ’ ಎಂದು ಎಳೆಯ ಮಗುವನ್ನೂ ಅಪ್ಪನೆಂದೇ ಕರೆಯುವುದು ನಮ್ಮ ನುಡಿಯ ಸೊಗಸು.

ಈ ಅಕ್ಷರವು ಯಾರ ಏಳಿಗೆಗೂ ಅಡ್ಡಿಯಾಗಲಿಲ್ಲ. 1949ರಲ್ಲಿ ನಮ್ಮ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು ಕೊಡಗಿನ ಕಾರಿಯಪ್ಪನವರು. ‘ಶ್ರೀ ರಾಮಾಯಣ ದರ್ಶನಂ’ ಕಾವ್ಯಕ್ಕಾಗಿ 1967ರ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದ ಕುವೆಂಪು ಅವರ ಹೆಸರು ಪುಟ್ಟಪ್ಪ. ‘ಮಂಕುತಿಮ್ಮನ ಕಗ್ಗ’ವನ್ನು ಕೊಟ್ಟ ಡಿ.ವಿ.ಜಿ.ಯವರು ಗುಂಡಪ್ಪ.

ಹೊಸ ಹೆಸರುಗಳು ಬೇಡವೆಂಬುದು ನಮ್ಮ ವಾದವಲ್ಲ. ಇಶಾನ್, ವಿಹಾನ್, ಆರ್ಯನ್ ಎಂಬ ‘ನ್’ಕಾರದ ಹೆಸರುಗಳನ್ನೂ ತಂದೆತಾಯಿಯರು ಅಕ್ಕರೆಯಿಂದಲೇ ಇಟ್ಟಿದ್ದಾರೆ. ಇಷ್ಟಪಟ್ಟು ಹೆಸರನ್ನು ಬದಲಿಸಿಕೊಳ್ಳುವುದು ಬೇರೆ. ಪರರ ನಗೆಗೆ ಅಂಜಿ ಅದನ್ನು ಬಚ್ಚಿಡುವುದು ಬೇರೆ. ಎರಡನೆಯದಕ್ಕೆ ಹೊಣೆ ಹೆಸರಿನದಲ್ಲ, ನಕ್ಕವರದು.

ಆದುದರಿಂದ ಸಹಪಾಠಿಗಳೇ, ಮುಂದಿನ ಹಾಜರಿಯಲ್ಲಿ ಯಲ್ಲಪ್ಪನು ತಲೆಯೆತ್ತಿ ಓಗೊಡುವಂತೆ ನಡೆದುಕೊಳ್ಳೋಣ. ಮೊದಲು ನಾವು ಅವನ ಕ್ಷಮೆಯನ್ನು ಬೇಡುತ್ತೇವೆ.